ಹಗೇವು ತುಂಬಿದವರು ಯಾರು?

ಲೋಕ ಮುಳುಗಿದ ಮೇಲೆ ಬದುಕಿ ಉಳಿಯುವವನು ಯಾರು? ಇಂಗ್ಲಿಷಿನ ಜನಪ್ರಿಯ ಕಾದಂಬರಿ ಈ ಪ್ರಶ್ನೆಗೆ ಮುನ್ನೂರು ವರ್ಷಗಳಿಂದ ಹೆಚ್ಚುಕಮ್ಮಿ ಒಂದೇ ಉತ್ತರ ಕೊಡುತ್ತ ಬಂದಿದೆ: ಕೂಡಿಟ್ಟವನು. ಅಣುಬಾಂಬು ಬೀಳಲಿ, ಧೂಮಕೇತು ಅಪ್ಪಳಿಸಲಿ, ನೋಟು ಬರೀ ಕಾಗದವಾಗಲಿ. ಉಪ್ಪು, ಕಾಳು, ಮದ್ದುಗುಂಡು, ಬೆಂಕಿಪೊಟ್ಟಣ ಮೊದಲೇ ಪೇರಿಸಿಟ್ಟವನೇ ಗೆದ್ದ. ಅಮೆರಿಕದಲ್ಲಿ ಇದು ಬರೀ ಕತೆಯಾಗಿ ಉಳಿದಿಲ್ಲ, ದೊಡ್ಡ ವ್ಯಾಪಾರವಾಗಿದೆ. 1979ರಲ್ಲೇ ಹೊವರ್ಡ್ ರಫ್ ಅನ್ನುವವನು ಬರಲಿರುವ ಕೆಟ್ಟ ಕಾಲದಲ್ಲಿ ಏಳಿಗೆಯಾಗೋದು ಹೇಗೆ ಅಂತ ಪುಸ್ತಕ ಬರೆದ. ದಿನಸಿ ಕೂಡಿಡಿ, ಬೆಳ್ಳಿ ನಾಣ್ಯ ಕೂಡಿಡಿ ಅಂದ. ಪುಸ್ತಕ ಭರ್ಜರಿಯಾಗಿ ಮಾರಾಟವಾಯಿತು. ಗಮನಿಸಿ, ಬದುಕುವುದು ಹೇಗೆ ಅಂತಲ್ಲ, ಏಳಿಗೆಯಾಗುವುದು ಹೇಗೆ ಅಂತ. ಸೇದದವರೂ ಸಿಗರೇಟು ಕೂಡಿಡುತ್ತಾರೆ, ಕುಡಿಯದವರೂ ಹೆಂಡ ಕೂಡಿಡುತ್ತಾರೆ. ಯಾಕೆ? ನಾಳೆ ಊರೆಲ್ಲ ಹಸಿದಾಗ ಅದನ್ನು ಕೊಟ್ಟು ಬೇರೇನೋ ಕಸಿಯಬಹುದಲ್ಲ! ಕಾನ್ಸಾಸ್ ರಾಜ್ಯದಲ್ಲಿ ಹಳೇ ಕ್ಷಿಪಣಿ ಗುಂಡಿಯೊಂದನ್ನು ಕೊಂಡು, ನೆಲದೊಳಗೆ ಹದಿನೈದು ಅಂತಸ್ತಿನ ಮನೆಗಳನ್ನು ಮಾಡಿ, ಕೋಟ್ಯಧೀಶರಿಗೆ ಮಾರಿದ್ದಾರೆ. ನಮ್ಮ ಕಡೆಯ ಭಾಷೆಯಲ್ಲಿ ಹೇಳೋದಾದರೆ, ಹಣವಂತರು ಹಗೇವಿನೊಳಗೆ ತಾವೇ ಇಳಿದು ಕೂತಿದ್ದಾರೆ.

ಇದರ ಗೊಡವೆ ನಮಗ್ಯಾಕೆ ಅನ್ನಬೇಡಿ. ಈ ಬಗೆಯ ಕಾದಂಬರಿ, ಸಿನಿಮಾಗಳನ್ನು ನಮ್ಮ ಹುಡುಗರು ಓದುತ್ತಿದ್ದಾರೆ, ನೋಡುತ್ತಿದ್ದಾರೆ. ಅವುಗಳ ಹೊಟ್ಟೆಯಲ್ಲಿ ಯಾರು ಬದುಕಲು ಯೋಗ್ಯರು ಅನ್ನುವ ತೀರ್ಪೊಂದು ಅಡಗಿ ಕೂತಿದೆ. ಅಂಥ ತೀರ್ಪು ನಮಗೇನೂ ಹೊಸದಲ್ಲ. ಈ ಕತೆಗಳೆಲ್ಲ ಪ್ರಳಯದ ಮಾರನೇ ದಿನದಿಂದ ಲೆಕ್ಕ ಶುರು ಮಾಡುತ್ತವೆ. ಹಿಂದಿನ ದಿನದವರೆಗಿನ ಲೆಕ್ಕ ಕೇಳಬೇಕಾದದ್ದು ನಮ್ಮ ವಿಮರ್ಶೆಯ ಕೆಲಸ.

ಈ ವಂಶದ ಮೂಲಪುರುಷ ರಾಬಿನ್ಸನ್ ಕ್ರೂಸೋ. ಡೇನಿಯಲ್ ಡೀಫೋ 1719ರಲ್ಲಿ ಬರೆದದ್ದು. ಇದರ ಕತ್ತರಿಸಿದ ರೂಪವನ್ನು ಹೈಸ್ಕೂಲಿನಲ್ಲಿ ಓದಿದವರು, ಓದಿಸಿದ ಮೇಷ್ಟ್ರುಗಳು ನಮ್ಮಲ್ಲಿ ಬಹಳ ಜನ ಇದ್ದೀರಿ. ಒಂಟಿ ಮನುಷ್ಯನ ಛಲ, ದುಡಿಮೆಯ ಮಹತ್ವ ಅಂತ ಪಾಠ ಮುಗಿಸಿಬಿಡುತ್ತೇವೆ. ಹಡಗು ಒಡೆಯಿತು, ದ್ವೀಪ ಸಿಕ್ಕಿತು, ಬರಿಗೈಯಲ್ಲಿ ಲೋಕ ಕಟ್ಟಿದ! ಬರಿಗೈ ಎಲ್ಲಿ ಬಂತು ಸ್ವಾಮಿ? ಒಡೆದ ಹಡಗಿಗೆ ಹದಿಮೂರು ದಿನದಲ್ಲಿ ಹನ್ನೊಂದು ಸಲ ಹೋಗಿ ಬರುತ್ತಾನೆ. ರೊಟ್ಟಿ, ಅಕ್ಕಿ, ಡಚ್ ಗಿಣ್ಣು, ಒಣಗಿಸಿದ ಮೇಕೆ ಮಾಂಸ, ರಮ್ಮು, ಬಡಗಿಯ ಪೆಟ್ಟಿಗೆ, ಕೋವಿ, ಮದ್ದು, ಸೀಸ ಎಲ್ಲ ತೆಪ್ಪದ ಮೇಲೆ ಹೇರಿಕೊಂಡು ಬರುತ್ತಾನೆ. ಒಂದು ದಿನ ಸಿಡಿಲು ಹೊಡೆದಾಗ ಮದ್ದೆಲ್ಲ ಒಂದೇ ಏಟಿಗೆ ಸುಟ್ಟುಹೋದೀತು ಅಂತ ಹೆದರಿ ಅದನ್ನು ನೂರು ಪೊಟ್ಟಣ ಮಾಡಿ ಬೇರೆ ಬೇರೆ ಕಡೆ ಬಚ್ಚಿಡುತ್ತಾನೆ. ಹಡಗಿನಲ್ಲಿ ಮೂವತ್ತಾರು ಪೌಂಡು ದುಡ್ಡು ಸಿಕ್ಕಾಗ, ನೀನು ಇಲ್ಲಿ ಯಾವ ಕೆಲಸಕ್ಕೂ ಬರೋಲ್ಲ ಅಂತ ಅದಕ್ಕೆ ದೊಡ್ಡ ಭಾಷಣ ಬಿಗಿಯುತ್ತಾನೆ. ಆಮೇಲೆ ಮನಸ್ಸು ಬದಲಾಯಿಸಿ ಗಂಟು ಕಟ್ಟಿಕೊಂಡು ಬರುತ್ತಾನೆ. ಡೀಫೋ ಪ್ರಾಮಾಣಿಕ ಲೇಖಕ. ತನ್ನ ವರ್ಗವನ್ನು ಆ ಒಂದು ಪ್ರಸಂಗದಲ್ಲಿ ಪೂರ್ತಿ ತೋರಿಸಿಬಿಟ್ಟಿದ್ದಾನೆ. ಅರ್ಥಶಾಸ್ತ್ರಿಗಳಿಗೆ ಕ್ರೂಸೋ ಕತೆ ಅಂದರೆ ಯಾಕಿಷ್ಟು ಪ್ರೀತಿ ಅಂತ ಮಾರ್ಕ್ಸ್ 1867ರಲ್ಲಿ 'ಬಂಡವಾಳ'ದ ಮೊದಲ ಅಧ್ಯಾಯದಲ್ಲೇ ಗೇಲಿ ಮಾಡಿದ. ಹಡಗಿನಿಂದ ಗಡಿಯಾರ, ಲೆಕ್ಕದ ಪುಸ್ತಕ, ಮಸಿ, ಲೇಖನಿ ಉಳಿಸಿಕೊಂಡು ಬಂದ ಅಪ್ಪಟ ಇಂಗ್ಲಿಷಿನವ ಇವನು ಅಂದ.

ಶಾಲೆಯ ಪಾಠ ನುಂಗಿಹಾಕುವ ಸಂಗತಿ ಬೇರೆ ಇದೆ. ಆ ಹಡಗು ಹೊರಟಿದ್ದಾದರೂ ಎಲ್ಲಿಗೆ? ಕತೆಯ ಪ್ರಕಾರ 1659ರ ಸೆಪ್ಟೆಂಬರಿನಲ್ಲಿ, ಬ್ರೆಜಿಲಿನ ತೋಟಗಾರರಿಗೆ ಗುಲಾಮರನ್ನು ಹಿಡಿದು ತರೋದಕ್ಕೆ ಆಫ್ರಿಕಾದ ಗಿನಿ ಕರಾವಳಿಗೆ. ಅದಕ್ಕೂ ಮುಂಚೆ, ತನ್ನ ಜೊತೆ ಸೆರೆಯಿಂದ ತಪ್ಪಿಸಿಕೊಂಡು ಬಂದ, ತನಗಾಗಿ ಪ್ರಾಣ ಕೊಡಲೂ ಸಿದ್ಧನಿದ್ದ ಜೂರಿ ಅನ್ನುವ ಹುಡುಗನನ್ನು ಅರವತ್ತು ಬೆಳ್ಳಿ ನಾಣ್ಯಕ್ಕೆ ಪೋರ್ಚುಗೀಸ್ ಕಪ್ತಾನನಿಗೆ ಮಾರಿರುತ್ತಾನೆ. ಮುಂದೆ ತೋಟದಲ್ಲಿ ಆಳು ಸಾಲದೆ ಹೋದಾಗ ಅವನನ್ನು ಕೊಟ್ಟು ತಪ್ಪು ಮಾಡಿದೆ ಅಂತ ಮರುಗುತ್ತಾನೆ. ಮರುಕ ಹುಡುಗನಿಗಾಗಿ ಅಲ್ಲ, ಕೆಲಸಕ್ಕಾಗಿ. ಆ ರೊಟ್ಟಿ, ಆ ಕೋವಿ, ಆ ರಮ್ಮು ಎಲ್ಲ ಮನುಷ್ಯರನ್ನು ಕೊಳ್ಳಲು ಹೊರಟ ಹಡಗಿನವು. ಕೊನೆಗೆ ದ್ವೀಪದಲ್ಲಿ ಶುಕ್ರವಾರ ಸಿಕ್ಕಾಗ, ಅವನ ಹೆಸರೇನು ಅಂತಲೂ ಕೇಳದೆ ತಾನೇ ಹೆಸರಿಟ್ಟು, ತನ್ನನ್ನು 'ಒಡೆಯ' ಅಂತ ಕರೆಯೋದನ್ನು ಕಲಿಸುತ್ತಾನೆ. ನಮ್ಮ ಹಟ್ಟಿಯ ಹುಡುಗ ಈ ಪಾಠ ಓದುವಾಗ ತಾನೇ ಕ್ರೂಸೋ ಅಂದುಕೊಂಡು ಓದುತ್ತಾನೆ. ಮೇಷ್ಟ್ರು ಹಾಗೆ ಓದಿಸುತ್ತಾರೆ. ಶುಕ್ರವಾರನ ಕಡೆಯಿಂದ ಓದಿಸಿದರೆ ಪರೀಕ್ಷೆಗೆ ಏನು ಬರೆಯೋದು!

ಕ್ರೂಸೋನ ಮರಿಮಕ್ಕಳು ಅಮೆರಿಕದಲ್ಲಿ ಹುಟ್ಟಿದರು. ಪ್ಯಾಟ್ ಫ್ರಾಂಕ್ 1959ರಲ್ಲಿ ಬರೆದ 'ಅಲಾಸ್, ಬ್ಯಾಬಿಲಾನ್' ಅಣುಯುದ್ಧದ ನಂತರ ಫ್ಲಾರಿಡಾದ ಒಂದು ಸಣ್ಣ ಊರು ಬದುಕಿಕೊಳ್ಳುವ ಕತೆ. ನಾಯಕ ರ್‍ಯಾಂಡಿ ಬ್ರಾಗ್‌ಗೆ ಸುದ್ದಿ ಮೊದಲೇ ತಿಳಿಯುತ್ತದೆ, ಅಣ್ಣ ಸೈನ್ಯದಲ್ಲಿ ದೊಡ್ಡ ಅಧಿಕಾರಿ. ಅಂಗಡಿಗೆ ಓಡಿ ರಾಶಿ ರಾಶಿ ಮಾಂಸ ಕೊಂಡು ಫ್ರೀಜರಿಗೆ ತುಂಬುತ್ತಾನೆ. ಕರೆಂಟು ಹೋದ ಮೇಲೆ ಅದು ನಿಲ್ಲುವುದುಂಟೆ? ಊರಿನ ಬ್ಯಾಂಕಿನ ಯಜಮಾನ ಡಾಲರಿಗೆ ಬೆಲೆಯಿಲ್ಲ ಅಂತ ಗೊತ್ತಾದ ದಿನ ಗುಂಡು ಹೊಡೆದುಕೊಂಡು ಸಾಯುತ್ತಾನೆ. ಊರಿನ ಪಾರ್ಕು ಸಂತೆಯಾಗುತ್ತದೆ. ಕಾಫಿಪುಡಿ, ಜೇನುತುಪ್ಪ, ವಿಸ್ಕಿಗಳೇ ದುಡ್ಡಾಗುತ್ತವೆ. ಇಲ್ಲಿಯವರೆಗೆ ಕತೆ ಚುರುಕಾಗಿದೆ, ಒಪ್ಪಬೇಕು.

ಆದರೆ ಊರನ್ನು ನಿಜವಾಗಿ ಉಳಿಸುವವರು ಯಾರು? ಬ್ರಾಗ್ ಮನೆಯ ಹಿಂದಿನ ಹೆನ್ರಿ ಕುಟುಂಬ. ಬ್ರಾಗ್ ವಂಶದ ಗುಲಾಮರಾಗಿದ್ದವರ ಸಂತತಿ. ಅವರ ಹತ್ತಿರ ಹಂದಿ, ಕೋಳಿ, ಉಳುವ ಹೇಸರಗತ್ತೆ ಇವೆ, ಮಣ್ಣಿನ ಕೆಲಸ ಗೊತ್ತಿದೆ. ಅವರದು ಕೂಡಿಟ್ಟಿದ್ದಲ್ಲ, ದಿನಾ ಬದುಕುತ್ತಿದ್ದ ಬದುಕು ಅಷ್ಟೇ. ಅಂಗಡಿ ಮುಚ್ಚಿದ್ದರಿಂದ ಅವರಿಗೆ ಆದ ನಷ್ಟ ಕಮ್ಮಿ, ಯಾಕೆಂದರೆ ಅಂಗಡಿ ಅವರ ಪಾಲಿಗೆ ಯಾವತ್ತೂ ಪೂರ್ತಿ ತೆರೆದಿರಲಿಲ್ಲ. ಇಷ್ಟು ಕಂಡ ಲೇಖಕ ನಾಯಕನ ಪಟ್ಟವನ್ನು ಮಾತ್ರ ಬ್ರಾಗ್‌ಗೇ ಕಟ್ಟುತ್ತಾನೆ. ದರೋಡೆಕೋರರನ್ನು ಬಲೆಗೆ ಕೆಡವಲು ಟ್ರಕ್ಕು ಓಡಿಸಬೇಕಾದಾಗ ಮುಂದೆ ಬರುವವನು ಮಲಾಕೈ ಹೆನ್ರಿ. ಕಪ್ಪು ಮನುಷ್ಯ ಒಂಟಿಯಾಗಿ ಬಂದರೆ ಕಳ್ಳರಿಗೆ ಅನುಮಾನ ಬರಲ್ಲ ಅನ್ನುವ ಲೆಕ್ಕ. ಗುಂಡೇಟು ತಿಂದು ಸಾಯುವವನೂ ಅವನೇ.

ಈ ಕಾದಂಬರಿಯಲ್ಲಿ ಒಂದು ಸಣ್ಣ ವಿವರ ಬರುತ್ತದೆ. ಪಾರ್ಕಿನಲ್ಲಿ ಕುಡಿಯುವ ನೀರಿನ ಎರಡು ನಲ್ಲಿ, ಒಂದು ಬಿಳಿಯರಿಗೆ, ಒಂದು ಕಪ್ಪು ಜನಕ್ಕೆ. ಎರಡೂ ಬತ್ತಿಹೋದ್ದರಿಂದ ಫಲಕಗಳಿಗೆ ಅರ್ಥವಿಲ್ಲ ಅನ್ನುತ್ತಾನೆ ಲೇಖಕ. 1959ರ ಫ್ಲಾರಿಡಾದಲ್ಲಿ ಒಬ್ಬ ಬಿಳಿಯ ಇಷ್ಟು ಬರೆದದ್ದೇ ಹೆಚ್ಚು ಅಂತ ನಮ್ಮ ಉದಾರವಾದಿ ಗೆಳೆಯರು ಹೇಳಬಹುದು. ಹೇಳಲಿ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚೌದಾರ ಕೆರೆಗೆ ಇಳಿದಾಗ ಕೆರೆಯಲ್ಲಿ ನೀರಿತ್ತು. ನೀರಿದ್ದಾಗ ಹಕ್ಕು ಕೇಳೋದು ಹೋರಾಟ. ನೀರು ಬತ್ತಿದ ಮೇಲೆ ಬರುವ ಸಮಾನತೆಗೆ ಯಾರ ದೊಡ್ಡ ಮನಸ್ಸೂ ಬೇಕಿಲ್ಲ. ಅದೂ ಬರುತ್ತೆ ಅನ್ನೋದೇ ಸುಳ್ಳು. ಬರಗಾಲದಲ್ಲಿ ಊರಿಗೆ ಒಂದೇ ಬಾವಿ ಉಳಿದಾಗ ನಮ್ಮವರ ಕೊಡ ಎಲ್ಲಿ ನಿಲ್ಲುತ್ತೆ ಅಂತ ಹಳ್ಳಿ ಮೇಷ್ಟ್ರಿಗೆ ನಾನು ಹೇಳಬೇಕಾಗಿಲ್ಲ.

1977ರ 'ಲೂಸಿಫರ್ಸ್ ಹ್ಯಾಮರ್' ಇನ್ನೂ ಒರಟು. ಲ್ಯಾರಿ ನಿವೆನ್, ಜೆರಿ ಪೋರ್ನೆಲ್ ಇಬ್ಬರೂ ಸೇರಿ ಬರೆದದ್ದು. ಧೂಮಕೇತು ಬಿದ್ದ ಮೇಲೆ ಒಬ್ಬ ಸೆನೆಟರನ ಜಮೀನು ಕೋಟೆಯಾಗುತ್ತದೆ. ಉಪಯೋಗಕ್ಕೆ ಬರುವವರು ಒಳಗೆ, ಉಳಿದವರು ಹೊರಗೆ. ಹೊರಗಿನ ಗುಂಪು ನರಭಕ್ಷಕರ ಸೈನ್ಯ. ಅದರಲ್ಲಿ ಕಪ್ಪು ಜನರನ್ನು ಎದ್ದು ಕಾಣುವಂತೆ ನಿಲ್ಲಿಸಿದ್ದಾರೆ. ಜಮೀನ್ದಾರನ ಕೋಟೆ ನಾಗರಿಕತೆ, ಹಸಿದವರ ಗುಂಪು ರಾಕ್ಷಸರು: ನಮ್ಮ ಪುರಾಣಗಳಿಗೆ ಇದಕ್ಕಿಂತ ಚೆನ್ನಾಗಿ ಬರೆಯೋಕೆ ಬರುತ್ತಿತ್ತು. ಇದರಲ್ಲಿ ಒಬ್ಬ ವಿಜ್ಞಾನಿ ಕೈಕಸುಬು, ವಿಜ್ಞಾನದ ಪುಸ್ತಕಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮಲದ ಗುಂಡಿಯೊಳಗೆ ಬಚ್ಚಿಟ್ಟಿರುತ್ತಾನೆ. ಕೋಟೆಯೊಳಗೆ ಸೇರಲು ಅದೇ ಅವನ ಬಂಡವಾಳ. ಅಕ್ಷರವನ್ನೂ ಹೀಗೆ ಕೂಡಿಟ್ಟು ವ್ಯಾಪಾರ ಮಾಡಬಹುದು ಅನ್ನೋದನ್ನು ಅಮೆರಿಕದವರು 1977ರಲ್ಲಿ ಕಂಡುಹಿಡಿದರು. ನಮ್ಮಲ್ಲಿ ಅದಕ್ಕೆ ಸಾವಿರಾರು ವರ್ಷದ ಅನುಭವ ಇದೆ.

ಇಲ್ಲಿ ಹಗೇವಿನ ಮಾತು ಆಡಲೇಬೇಕು. ಬಯಲುಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ನೆಲದೊಳಗೆ ತೋಡಿದ ಕಣಜ, ಬಾಯಿ ಕಿರಿದು, ಹೊಟ್ಟೆ ಅಗಲ. ಕಾಳು ಸುರಿದು ಹುಲ್ಲು, ಮಣ್ಣು ಮೆತ್ತಿ ಮುಚ್ಚಿದರೆ ವರ್ಷಗಟ್ಟಲೆ ಇರುತ್ತದೆ. ಒಳಗೆ ಗಾಳಿ ಕೆಟ್ಟಿರುತ್ತದೆ. ಬಾಯಿ ತೆಗೆದ ಕೂಡಲೇ ಇಳಿದವನು ಉಸಿರುಕಟ್ಟಿ ಸತ್ತೇ ಹೋಗಬಹುದು, ಅದಕ್ಕೇ ಮೊದಲು ದೀಪ ಇಳಿಬಿಟ್ಟು ನೋಡೋದು. ಧಣಿ ದಡದ ಮೇಲೆ ನಿಂತಿರುತ್ತಾನೆ, ಇಳಿಯುವವನು ಆಳು. ಬೆಳೆದವನು, ತುಂಬಿದವನು, ಇಳಿದು ಎತ್ತಿಕೊಟ್ಟವನು ಎಲ್ಲ ಅವನೇ. ಗೋಡೆಗೆ ಅಂಟಿ ಮುಗ್ಗಿದ ಜೋಳ ಅವನ ಕೂಲಿ.

ಕೂಡಿಟ್ಟು ಕುಸಿತದ ದಿನ ಅದಲುಬದಲು ಮಾಡುವ ಕನಸನ್ನು ಅಮೆರಿಕದವರು ಭವಿಷ್ಯದ ಕತೆಯಾಗಿ ಬರೆಯುತ್ತಾರೆ. ನಮ್ಮಲ್ಲಿ ಅದು ನಡೆದು ಹೋಗಿದೆ. 1876ರಿಂದ 78ರವರೆಗಿನ ಧಾತು ಈಶ್ವರದ ಬರದಲ್ಲಿ ಜನ ಒಡವೆ ಕೊಟ್ಟರು, ಪಾತ್ರೆ ಕೊಟ್ಟರು, ದನ ಕೊಟ್ಟರು, ಮನೆಯ ಬಾಗಿಲು, ತೊಲೆ ಕಿತ್ತು ಕೊಟ್ಟರು. ಧಾನ್ಯ ಇದ್ದವರು ಬೆಲೆ ಇನ್ನೂ ಏರಲಿ ಅಂತ ಕಾದರು. ಅದೇ ವರ್ಷಗಳಲ್ಲಿ ಹಿಂದೂಸ್ತಾನದ ಬಂದರುಗಳಿಂದ ಇಂಗ್ಲೆಂಡಿಗೆ ಧಾನ್ಯ ಹೋಗುತ್ತಲೇ ಇತ್ತು. ಪರಿಹಾರದ ಕೆಲಸಕ್ಕೆ ಬಂದ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯದ ಬೆಲೆ, ಮೇಲೊಂದಾಣೆ ಸಾಕು ಅಂತ ರಿಚರ್ಡ್ ಟೆಂಪಲ್ ಅನ್ನುವ ಅಧಿಕಾರಿ ಲೆಕ್ಕ ಹಾಕಿದ. 1871ರಲ್ಲಿ 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ ಸುಮಾರು 42 ಲಕ್ಷ. ಆಗ ಧಾನ್ಯ ಹಿಡಿದಿಟ್ಟವನನ್ನು ನಾಯಕ ಮಾಡಿ ಕಾದಂಬರಿ ಬರೆದರೆ ನಾವು ಒಪ್ಪುತ್ತೀವಾ? ಫ್ಲಾರಿಡಾದಲ್ಲಿ ಬರೆದಿದ್ದನ್ನು ಯಾಕೆ ಒಪ್ಪಬೇಕು?

ಈ ಪರಂಪರೆಯನ್ನು ಒಳಗಿನಿಂದಲೇ ಸೀಳಿದವಳು ಆಕ್ಟೇವಿಯಾ ಬಟ್ಲರ್ (1947–2006). ಕಪ್ಪು ಹೆಣ್ಣುಮಗಳು. ತಾಯಿ ಬಿಳಿಯರ ಮನೆಗೆಲಸದವಳು. ಹಿಂಬಾಗಿಲಿನಿಂದ ಒಳಗೆ ಹೋಗುವ ತಾಯಿಯನ್ನು ಕಣ್ಣಾರೆ ಕಂಡು ಬೆಳೆದವಳು. ಅವಳ 'ಪ್ಯಾರಬಲ್ ಆಫ್ ದಿ ಸೋವರ್' ಬಂದದ್ದು 1993ರಲ್ಲಿ, ಕತೆ ನಡೆಯುವುದು 2024ರಿಂದ 2027ರವರೆಗೆ. ಬಾಂಬೂ ಇಲ್ಲ, ಧೂಮಕೇತುವೂ ಇಲ್ಲ. ನೀರು ತುಟ್ಟಿಯಾಗುತ್ತ, ಕೆಲಸ ಇಲ್ಲದಾಗುತ್ತ, ಪೊಲೀಸರು ಕಾಸು ಕೇಳುತ್ತ ಲೋಕ ದಿನಾ ಒಂದಿಷ್ಟು ಕುಸಿಯುತ್ತದೆ. ಇದು ನಮಗೆ ಅರ್ಥವಾಗುವ ಕುಸಿತ. ನಾಯಕಿ ಲಾರೆನ್ ಹದಿನೈದರ ಹುಡುಗಿ. ಇನ್ನೊಬ್ಬರ ನೋವು ಕಣ್ಣಿಗೆ ಬಿದ್ದರೆ ಅವಳ ಮೈಯೂ ನೋಯುತ್ತದೆ. ಲೇಖಕಿ ಇದನ್ನು ದೊಡ್ಡ ಗುಣವಾಗಿ ಹೊಗಳುವುದಿಲ್ಲ, ಕಾಯಿಲೆಯಾಗಿ, ಅಪಾಯವಾಗಿ ತೋರಿಸುತ್ತಾಳೆ. ಹೊಡೆದರೆ ತನಗೂ ಪೆಟ್ಟು. ಕೋಟೆ ಕಟ್ಟಿಕೊಂಡು ಗುಂಡು ಹಾರಿಸುವ ನಾಯಕರ ಸಾಲಿನಲ್ಲಿ ಇಂಥ ಮೈ ಇಟ್ಟು ನೋಡಿ.

ಲಾರೆನ್ನೂ ಕೂಡಿಡುತ್ತಾಳೆ. ಅವಳ ದಾಸ್ತಾನು ಒಂದು ಗಂಟು. ಎತ್ತಿಕೊಂಡು ಓಡಲು ಸಾಧ್ಯವಾದಷ್ಟೇ. ಅದರಲ್ಲಿ ಬಿತ್ತನೆ ಬೀಜವಿದೆ. ಓಕ್ ಮರದ ಕಾಯಿಯಿಂದ ರೊಟ್ಟಿ ಮಾಡೋದು ಅವಳಿಗೆ ಗೊತ್ತಿದೆ. ಗೋಡೆ ಉಳಿಯಲ್ಲ ಅಂತ ಗೆಳತಿಗೆ ಹೇಳಿದ್ದಕ್ಕೆ ಅಪ್ಪ ಬೈಯುತ್ತಾನೆ. ಗೋಡೆ ಉಳಿಯೋದೂ ಇಲ್ಲ. 2027ರ ಒಂದು ರಾತ್ರಿ ಬೇಲಿಯೊಳಗಿನ ಹನ್ನೊಂದು ಮನೆಗಳಿಗೂ ಬೆಂಕಿ. ಮಾರನೇ ಬೆಳಿಗ್ಗೆ ಅವಳು ವಾಪಸ್ಸು ಬರುತ್ತಾಳೆ. ಹೊರಗಿನ ಬಡವರು ಬೂದಿ ಕೆದಕುತ್ತಿದ್ದಾರೆ, ಅವಳೂ ಅವರ ನಡುವೆ ನಿಂತು ತನ್ನ ಮನೆಯ ಬೂದಿ ಕೆದಕುತ್ತಾಳೆ. ನಾಗರಿಕ ಯಾರು, ಲೂಟಿಗಾರ ಯಾರು ಅನ್ನುವ ಗೆರೆ ಅಲ್ಲಿ ಅಳಿಸಿಹೋಗುತ್ತದೆ. ಕ್ರೂಸೋನಿಂದ ಹಿಡಿದು ಯಾವ ನಾಯಕನನ್ನೂ ಅವನ ಲೇಖಕ ಈ ಜಾಗದಲ್ಲಿ ತಂದು ನಿಲ್ಲಿಸಿದ್ದನ್ನು ನಾನು ಓದಿಲ್ಲ.

ಆಮೇಲೆ ಹೆದ್ದಾರಿ ಹಿಡಿದು ಉತ್ತರಕ್ಕೆ ನಡಿಗೆ. ಗಂಟು ಹೊತ್ತ ಸಾವಿರಾರು ಜನ. ಜೊತೆಗೆ ಜಾರಾ ಇದ್ದಾಳೆ, ಬೀದಿಯಲ್ಲಿ ಹುಟ್ಟಿ, ಹೆತ್ತ ತಾಯಿಯಿಂದಲೇ ಮಾರಾಟವಾಗಿ ಗೋಡೆಯೊಳಕ್ಕೆ ಬಂದವಳು. ಹೊರಗೆ ಬದುಕುವ ಕಲೆ ಅವಳಿಗೆ ಗೊತ್ತು, ಓದು ಬರಲ್ಲ. ಲಾರೆನ್ ಅಕ್ಷರ ಕಲಿಸುತ್ತಾಳೆ. ದಾರಿಯಲ್ಲಿ ಎಮರಿ ಅನ್ನುವ ತಾಯಿ ಸೇರಿಕೊಳ್ಳುತ್ತಾಳೆ. ಕಂಪನಿ ತೋಟದಲ್ಲಿ ಸಾಲಕ್ಕೆ ಸಿಕ್ಕಿ, ಸಾಲಕ್ಕೆ ಇಬ್ಬರು ಗಂಡುಮಕ್ಕಳನ್ನೂ ಕಳಕೊಂಡು, ಮಗಳನ್ನು ಎತ್ತಿಕೊಂಡು ಓಡಿ ಬಂದವಳು. ಇಂಗ್ಲಿಷಿನಲ್ಲಿ ಸಾಲದ ಗುಲಾಮಗಿರಿ ಅಂತ ಇದೆ. ನಮ್ಮಲ್ಲಿ ಒಂದೇ ಮಾತು ಸಾಕು, ಜೀತ. 1976ರ ಕಾಯಿದೆ ಅದನ್ನು ಕಾಗದದ ಮೇಲೆ ಮುಗಿಸಿತು. ಬಟ್ಲರ್ ಅದನ್ನು ಭವಿಷ್ಯ ಅಂತ ಬರೆದಳು. ಇದು ಭವಿಷ್ಯವಾ ಅಂತ ನಮ್ಮ ಹಳ್ಳಿಯ ಹುಡುಗಿ ನಗಬಹುದು.

ಈ ಅಧ್ಯಾಯಗಳನ್ನು 2020 ಕಂಡವರು ಸುಮ್ಮನೆ ಓದಲಾರರು. ಆ ವರ್ಷ ಮಾರ್ಚ್ 25ರಿಂದ ದೇಶಕ್ಕೆ ಬೀಗ. ಪಟ್ಟಣದವರು ಅಂಗಡಿ ಬರಿದು ಮಾಡಿ ಮನೆ ತುಂಬಿಕೊಂಡರು. ಸರ್ಕಾರದ ಉಗ್ರಾಣದಲ್ಲಿ ನಿಗದಿಗಿಂತ ಎಷ್ಟೋ ಹೆಚ್ಚು ಅಕ್ಕಿ ಗೋಧಿ ಬಿದ್ದಿತ್ತು. ಕೂಲಿಗಳು ಗಂಟು ಹೊತ್ತು ಹೆದ್ದಾರಿಯಲ್ಲಿ ನಡೆದರು.

ಬಟ್ಲರಳಲ್ಲಿ ನನಗೆ ತಕರಾರು ಇಲ್ಲದಿಲ್ಲ. ಲಾರೆನ್ ಕೈಲೂ ಕೋವಿಯಿದೆ, ಅಪ್ಪ ಹೂತಿಟ್ಟ ದುಡ್ಡಿದೆ. ಕೊನೆಗೆ ಇವರೆಲ್ಲ ನೆಲೆ ನಿಲ್ಲೋದು ಬ್ಯಾಂಕೋಲೆ ಅನ್ನುವ ಮುದಿ ಡಾಕ್ಟರನ ಸ್ವಂತ ಜಮೀನಿನಲ್ಲಿ. ಆ ಜಮೀನು ಇಲ್ಲದಿದ್ದರೆ ಇವರ ಗತಿ ಏನು? ಭೂಮಿಯ ಪ್ರಶ್ನೆಯನ್ನು ಲೇಖಕಿ ಒಬ್ಬ ಒಳ್ಳೆಯ ಮುದುಕನ ಕೈಯಲ್ಲಿ ಬಿಡಿಸಿಬಿಡುತ್ತಾಳೆ. ನಮ್ಮ ಚಳವಳಿಗೆ ಅಂಥ ಮುದುಕ ಇಲ್ಲಿಯವರೆಗೆ ಸಿಕ್ಕಿಲ್ಲ. ಅವಳು ಕಟ್ಟುವ ಹೊಸ ಧರ್ಮದ ಪದ್ಯಗಳೂ ನನಗೆ ಸಪ್ಪೆ. ಹಾಗೆಯೇ ಈ ಕಾದಂಬರಿ ಓದಿ ಹಸಿವೇ ಒಳ್ಳೆಯದು, ಕೂಡಿಡೋದೇ ಪಾಪ ಅಂತ ಯಾರೂ ಕುಣಿಯಬಾರದು. ಕಾಳನ್ನು ಬೂದಿ ಬೆರೆಸಿ ಗಡಿಗೆಯಲ್ಲಿ ಇಡುತ್ತಿದ್ದ ನಮ್ಮ ಅಜ್ಜಿಯರೂ ಕೂಡಿಟ್ಟವರೇ. ಬಿತ್ತೋದಕ್ಕೆ ಇಟ್ಟರು, ಪಕ್ಕದ ಗುಡಿಸಲಿನ ಉಂಗುರ ಬಿಚ್ಚಿಸಿಕೊಳ್ಳೋದಕ್ಕೆ ಇಡಲಿಲ್ಲ.

ಕಾದಂಬರಿ ಮುಗಿಯುವಾಗ ಬ್ಯಾಂಕೋಲೆಯ ಜಮೀನಿನಲ್ಲಿದ್ದ ಮನೆಯೂ ಸುಟ್ಟು ಬೂದಿಯಾಗಿದೆ, ಅವನ ತಂಗಿಯ ಸಂಸಾರದ ಮೂಳೆ ಉಳಿದಿದೆ. ಅವನ್ನು ಹೂಳುತ್ತಾರೆ. ನಡೆದು ಬಂದವರೆಲ್ಲ ತಾವು ಕಳಕೊಂಡವರ ಹೆಸರಿನಲ್ಲಿ ಓಕ್ ಸಸಿ ಬೆಳೆಸಲು ಬೀಜ ನೆಡುತ್ತಾರೆ. ರೊಟ್ಟಿಗೆ ಆಗುತ್ತಿದ್ದ ಅದೇ ಕಾಯಿ. ಆ ಜಾಗಕ್ಕೆ ಅದರ ಹೆಸರನ್ನೇ ಇಟ್ಟುಕೊಳ್ಳುತ್ತಾರೆ.