ದಾನದ ಹಸುವಿನ ಹಲ್ಲು

ಬೆಳಗಿನ ಆರೂವರೆಗೆ ಮುಲುಂಡಿನ ನಮ್ಮ ಮನೆಯ ಬಾಗಿಲಿಗೆ ಪೇಪರು ಬಂದು ಬೀಳುತ್ತದೆ. ಬಿದ್ದ ಐದು ನಿಮಿಷಗಳಲ್ಲಿ ಅದು ಪಾಲಾಗಿಬಿಡುತ್ತದೆ. ಮೊದಲ ಪುಟಗಳು ನನಗೆ, ಷೇರುಪೇಟೆಯ ಪುಟ ಮಗನಿಗೆ, ಒಳಗೆ ಮಡಚಿಟ್ಟ ಬಣ್ಣದ ಪುರವಣಿ ಕಾಲೇಜಿಗೆ ಹೋಗುವ ಮೊಮ್ಮಗಳಿಗೆ. ಆ ಪುರವಣಿಯ ಹೆಸರು ‘ಬಾಂಬೆ ಟೈಮ್ಸ್’. ‘ಟೈಮ್ಸ್ ಆಫ್ ಇಂಡಿಯಾ’ದ ಜೊತೆ ಬರುವ ಇದಕ್ಕೆ ಬೇರೆ ಬೆಲೆಯಿಲ್ಲ. ಬಿಟ್ಟಿ ಸಿಕ್ಕರೆ ನನಗೊಂದು ಇರಲಿ, ನಮ್ಮಪ್ಪನಿಗೊಂದು ಇರಲಿ ಎಂಬ ಗಾದೆ ನಮ್ಮಲ್ಲಿದೆಯಷ್ಟೆ. ಹಾಗೆ ಇದೂ ಮನೆಯೊಳಗೆ ಬಂದಿತು, ಉಳಿಯಿತು.

ದಾನವಾಗಿ ಬಂದ ಹಸುವಿನ ಹಲ್ಲು ಎಣಿಸಬಾರದು ಎಂದು ಹಿರಿಯರು ಹೇಳುತ್ತಾರೆ. ಪುಸ್ತಕವನ್ನು ವಿಮರ್ಶಿಸುತ್ತೇವೆ, ನಾಟಕವನ್ನು ವಿಮರ್ಶಿಸುತ್ತೇವೆ. ದಿನವೂ ಮನೆಯೊಳಗೆ ಬಂದು ಮಕ್ಕಳ ಕಣ್ಣೆದುರು ಕೂರುವ ಈ ಎಂಟು-ಹತ್ತು ಪುಟಗಳನ್ನು ಮಾತ್ರ ಯಾರೂ ವಿಮರ್ಶೆಗೆ ಎತ್ತಿಕೊಳ್ಳುವುದಿಲ್ಲ. ಪುಕ್ಕಟೆ ವಸ್ತುವಿಗೆ ವಿಮರ್ಶೆ ಏಕೆ ಎಂಬ ಸಂಕೋಚವಿರಬಹುದು. ಆ ಸಂಕೋಚವನ್ನು ಸ್ವಲ್ಪ ಬದಿಗಿಟ್ಟು ಹಲ್ಲು ಎಣಿಸೋಣವೆಂದು ಈ ಬರಹ.

ಮೊದಲು ಹೆಸರಿನ ಕತೆ. 1838ರ ನವೆಂಬರ್ 3ರಂದು ಈ ಊರಿನಲ್ಲಿ ‘ಬಾಂಬೆ ಟೈಮ್ಸ್ ಅಂಡ್ ಜರ್ನಲ್ ಆಫ್ ಕಾಮರ್ಸ್’ ಎಂಬ ಪತ್ರಿಕೆ ಹೊರಟಿತು. 1861ರಲ್ಲಿ ಅದೇ ‘ಟೈಮ್ಸ್ ಆಫ್ ಇಂಡಿಯಾ’ ಆಯಿತು. 1990ರ ದಶಕದಲ್ಲಿ ಬಣ್ಣದ ಪುರವಣಿಯೊಂದನ್ನು ಹೊರಡಿಸಿದಾಗ ಪತ್ರಿಕೆ ತನ್ನ ಆ ಹಳೆಯ ಹೆಸರನ್ನೇ ಅದಕ್ಕಿಟ್ಟಿತು. 1995ರಲ್ಲಿ ಊರು ಅಧಿಕೃತವಾಗಿ ಮುಂಬಯಿಯಾದರೂ ಪುರವಣಿಯ ಪಾಲಿಗೆ ಬಾಂಬೆಯೇ ಉಳಿಯಿತು. ಇದನ್ನು ನಾನು ತಪ್ಪೆನ್ನುವುದಿಲ್ಲ. ನಮ್ಮ ಊರುಗಳಲ್ಲಿ ಇಂದಿಗೂ ‘ಬೊಂಬಾಯಿಗೆ ಹೋದ’ ಎಂದೇ ಹೇಳುತ್ತಾರೆ.

ಇದರ ಗುಣಗಳನ್ನು ಮೊದಲು ಒಪ್ಪಿಕೊಳ್ಳಬೇಕು. ಅಚ್ಚು ಅಂದ, ಚಿತ್ರಗಳು ಚೊಕ್ಕ, ಇಂಗ್ಲಿಷು ಸರಳ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಇಂಗ್ಲಿಷಿನೊಡನೆ ಗುದ್ದಾಡಿದ ನನ್ನಂಥವರಿಗೆ ಪತ್ರಿಕೆಯ ಸಂಪಾದಕೀಯ ಕಬ್ಬಿಣದ ಕಡಲೆಯಾಗಿತ್ತು. ನಮ್ಮ ಮಕ್ಕಳು ಮೊಮ್ಮಕ್ಕಳು ನಿಘಂಟಿನ ಹಂಗಿಲ್ಲದೆ ಈ ಪುರವಣಿಯನ್ನು ಓದುತ್ತಾರೆ. ಚಿತ್ರಮಂದಿರ, ಹೊಸ ಹೋಟೆಲು, ಹೊಸ ಉಡುಪು ಎಲ್ಲದರ ಸಮಾಚಾರ ಒಂದೆಡೆ ಸಿಗುತ್ತದೆ. ಹರೆಯದವರಿಗೆ ಇದು ಬೇಡವೆನ್ನಲು ನಾವು ಯಾರು? ನಾವೂ ಒಂದು ಕಾಲದಲ್ಲಿ ಕ್ಷೌರದಂಗಡಿಯಲ್ಲಿ ಸರದಿಗಾಗಿ ಕಾಯುತ್ತ ಸಿನಿಮಾ ಪತ್ರಿಕೆಗಳನ್ನು ತಿರುವಿದವರೇ.

ಈ ಊರಿಗೆ ಇಂಥ ಪತ್ರಿಕೆ ಹೊಸದೂ ಅಲ್ಲ. 1979ರಲ್ಲಿ ‘ಬಾಂಬೆ’ ಎಂಬ ಇಂಗ್ಲಿಷ್ ಪತ್ರಿಕೆ ಶುರುವಾಯಿತು. ತರುಣ ವೀರ್ ಸಂಘ್ವಿ ಅದರ ಮೊದಲ ಸಂಪಾದಕರು. 2004ರಲ್ಲಿ ಲಂಡನ್ನಿನ ‘ಟೈಮ್ ಔಟ್’ ಪತ್ರಿಕೆಯ ಮುಂಬಯಿ ಆವೃತ್ತಿ ನರೇಶ್ ಫೆರ್ನಾಂಡಿಸರ ಸಂಪಾದಕತ್ವದಲ್ಲಿ ಹೊರಬಂತು. ಸುಮಾರು ಹತ್ತು ವರ್ಷ ನಡೆದು ನಿಂತಿತು. ಇವೆರಡನ್ನೂ ಓದುಗ ಹಣ ಕೊಟ್ಟು ಕೊಳ್ಳಬೇಕಿತ್ತು. ಎರಡೂ ಈಗ ಇಲ್ಲ. ಪುಕ್ಕಟೆ ಬರುವುದು ಮಾತ್ರ ಉಳಿದಿದೆ. ಇದು ನಮ್ಮೂರಿನ ಕತೆ ಮಾತ್ರವಲ್ಲ. 1995ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ‘ಮೆಟ್ರೋ’ ಎಂಬ ಪತ್ರಿಕೆಯನ್ನು ರೈಲು ಪ್ರಯಾಣಿಕರಿಗೆ ಉಚಿತವಾಗಿ ಹಂಚಲಾರಂಭಿಸಿದರು. ಲಂಡನ್ನಿನ ಮೂಲ ‘ಟೈಮ್ ಔಟ್’ ಕೂಡ 2012ರಲ್ಲಿ ಬೆಲೆ ತೆಗೆದುಹಾಕಿತು. ಆದ್ದರಿಂದ ಉಚಿತವಾಗಿರುವುದೇ ದೋಷವೆಂದು ನಾನು ವಾದಿಸಹೊರಟಿಲ್ಲ. ನನ್ನ ಪ್ರಶ್ನೆ ಬೇರೆ: ಓದುಗ ಹಣ ಕೊಡದಿದ್ದರೆ ಯಾರೋ ಒಬ್ಬರು ಕೊಡಲೇಬೇಕು. ಅವರು ಯಾರು? ಏನನ್ನು ಕೊಂಡರು?

ಈ ಪ್ರಶ್ನೆಯನ್ನು ಎತ್ತಿಕೊಟ್ಟವಳು ನನ್ನ ಮೊಮ್ಮಗಳೇ. ಒಂದು ದಿನ ಪುರವಣಿಯ ಶಿರೋನಾಮೆಯ ಬಳಿ ಬೆರಳಿಟ್ಟು, “ಅಜ್ಜಾ, ಇಷ್ಟು ಸಣ್ಣ ಅಕ್ಷರದಲ್ಲಿ ಏನು ಬರ್ದಿದ್ದಾರೆ, ನೋಡಿದ್ರಾ?” ಎಂದಳು. ಕನ್ನಡಕ ಸರಿಮಾಡಿಕೊಂಡು ನೋಡಿದೆ. ಇದು ಜಾಹೀರಾತಿನ ಬರಹ ಮತ್ತು ಮನರಂಜನೆಯ ಪ್ರಚಾರ ಲೇಖನಗಳ ಪುರವಣಿ ಎಂಬ ಅರ್ಥದ ಒಂದು ಸಾಲು ಅಲ್ಲಿತ್ತು. ಎಷ್ಟೋ ವರ್ಷಗಳಿಂದ ಅಚ್ಚಾಗುತ್ತ ಬಂದಿರುವ ಸಾಲು. ನಾನು ಒಂದು ದಿನವೂ ಗಮನಿಸಿರಲಿಲ್ಲ. ದೊಡ್ಡ ಅಕ್ಷರದಲ್ಲಿ ಹೆಸರು, ಇರುವೆ ಗಾತ್ರದಲ್ಲಿ ಸತ್ಯ.

ಈ ಸಾಲಿನ ಹಿಂದೆ ಒಂದು ವ್ಯವಸ್ಥೆಯಿದೆ. 2003ರಲ್ಲಿ ಪತ್ರಿಕೆಯ ಒಡೆತನದ ಬೆನೆಟ್ ಕೋಲ್ಮನ್ ಸಂಸ್ಥೆ ‘ಮೀಡಿಯಾನೆಟ್’ ಎಂಬ ವಿಭಾಗವನ್ನು ತೆರೆಯಿತು. ವ್ಯಕ್ತಿಗಳಾಗಲಿ, ವ್ಯಾಪಾರಿ ಸಂಸ್ಥೆಗಳಾಗಲಿ ಹಣ ಕೊಟ್ಟು ಪುರವಣಿಯ ಪುಟಗಳಲ್ಲಿ ತಮ್ಮ ವಿಷಯ ಬರುವಂತೆ ಮಾಡಿಕೊಳ್ಳಬಹುದು; ಅದು ಚೌಕಟ್ಟಿನೊಳಗಿನ ಜಾಹೀರಾತಾಗಿ ಬರುವುದಿಲ್ಲ, ಬರಹವಾಗಿ, ಸಮಾರಂಭದ ಚಿತ್ರವಾಗಿ ಬರುತ್ತದೆ. ಸಂಸ್ಥೆಯ ಸಮರ್ಥನೆಯನ್ನೂ ಹೇಳುವುದು ನ್ಯಾಯ. ಪ್ರಚಾರ ಕಂಪನಿಗಳು ಹೇಗೂ ಪತ್ರಕರ್ತರಿಗೆ ಉಡುಗೊರೆ ಕೊಟ್ಟು ಬರೆಸಿಕೊಳ್ಳುತ್ತವೆ; ಆ ಕದ್ದುಮುಚ್ಚಿನ ವ್ಯವಹಾರಕ್ಕಿಂತ ಸಂಸ್ಥೆಯೇ ಬಹಿರಂಗವಾಗಿ ದರ ಪಡೆಯುವುದು ಮೇಲು ಎಂಬುದು ಅವರ ವಾದ. ಒಡೆಯರಲ್ಲಿ ಒಬ್ಬರಾದ ವಿನೀತ್ ಜೈನ್ 2012ರಲ್ಲಿ ಅಮೆರಿಕದ ‘ನ್ಯೂಯಾರ್ಕರ್’ ಪತ್ರಿಕೆಗೆ, ತಮ್ಮದು ಜಾಹೀರಾತಿನ ವ್ಯವಹಾರವೆಂದು ಮುಚ್ಚುಮರೆಯಿಲ್ಲದೆ ಹೇಳಿದರು. ಭಾರತೀಯ ಪತ್ರಿಕಾ ಮಂಡಳಿಯ ಉಪಸಮಿತಿ ಕಾಸಿಗಾಗಿ ಸುದ್ದಿ ಎಂಬ ರೋಗದ ಕುರಿತು 2010ರಲ್ಲಿ ಸಿದ್ಧಪಡಿಸಿದ ವರದಿಯಲ್ಲಿ ಈ ವ್ಯವಸ್ಥೆಯ ಪ್ರಸ್ತಾಪವೂ ಇದೆ.

ಬಹಿರಂಗವಾಗಿದೆ ಎಂಬ ಮಾತನ್ನು ಪರೀಕ್ಷಿಸಿ ನೋಡೋಣ. ಪುರವಣಿಗೆ ಒಟ್ಟಾಗಿ ಒಂದು ಸಾಲು ಹಾಕಿದರೆ, ಒಳಗಿನ ಯಾವ ಬರಹ ಕಾಸಿನದು, ಯಾವುದು ಬರೆದವನ ಸ್ವಂತ ಅಭಿಪ್ರಾಯ ಎಂಬುದು ಓದುಗನಿಗೆ ಹೇಗೆ ತಿಳಿಯಬೇಕು? ನಮ್ಮ ಕಿರಾಣಿ ಅಂಗಡಿಯವನು ‘ಇಲ್ಲಿಯ ಕೆಲವು ಡಬ್ಬಗಳಲ್ಲಿ ಕಲಬೆರಕೆ ಇದೆ’ ಎಂದು ಹೊರಗೆ ಫಲಕ ತೂಗುಹಾಕಿ, ಯಾವ ಡಬ್ಬ ಎಂದು ಹೇಳದಿದ್ದರೆ ಅವನನ್ನು ಪ್ರಾಮಾಣಿಕನೆನ್ನುತ್ತೇವೆಯೇ? ಇದರಿಂದ ಮೋಸ ಹೋಗುವವನು ಓದುಗನೊಬ್ಬನೇ ಅಲ್ಲ. ಅದೇ ಪುಟದಲ್ಲಿ ಶ್ರದ್ಧೆಯಿಂದ ನಾಲ್ಕು ಸಾಲು ಬರೆದ ತರುಣ ಪತ್ರಕರ್ತನ ಮಾತೂ ಅಷ್ಟೇ ಹಗುರವಾಗಿಬಿಡುತ್ತದೆ.

ಬರಹದ ಮೇಲೆ ಇದರ ಪರಿಣಾಮ ಏನೆಂದು ನೋಡಲು ಕೆಲವು ದಿನ ಪೆನ್ಸಿಲು ಹಿಡಿದು ಕುಳಿತೆ. ಸಿನಿಮಾ ವಿಮರ್ಶೆಯಲ್ಲಿ ನಕ್ಷತ್ರ ಕಡಿಮೆ ಕೊಡುವುದುಂಟು. ಅಲ್ಲಿ ಇನ್ನೂ ಸ್ವಲ್ಪ ಜೀವವಿದೆ. ಆದರೆ ಹೋಟೆಲು, ಉಡುಪು, ಆಭರಣ, ಔತಣಕೂಟಗಳ ಬರಹಗಳಲ್ಲಿ ನನಗೆ ಬಹಳ ಅಪರೂಪವಾಗಿ ಕಂಡ ಶಬ್ದವೆಂದರೆ ‘ಆದರೆ’. ಎಲ್ಲ ತಿಂಡಿಯೂ ಅದ್ಭುತ, ಎಲ್ಲ ದೀಪವೂ ಮನಮೋಹಕ, ಎಲ್ಲರೂ ನಗುತ್ತಿದ್ದಾರೆ. ಹೋಟೆಲು ಕಟ್ಟಿ ಬೆಳೆದ ಜನ ನಾವು. ಗಿರಾಕಿ ಬಿಲ್ಲು ಕೊಟ್ಟು, “ಭಟ್ರೇ, ಸಾಂಬಾರು ಇವತ್ತು ಸಪ್ಪೆ” ಎಂದು ಹೇಳಿಹೋದರೆ ಅಂದೇ ಅಡುಗೆಮನೆಗೆ ಎಚ್ಚರಿಕೆ ಮುಟ್ಟುತ್ತದೆ. ಬಿಲ್ಲು ಕೊಡದೆ ಉಂಡವನು ಹಾಗೆ ಹೇಳಲಾರ. ‘ಟೈಮ್ ಔಟ್’ನ ವಿಮರ್ಶಕರು ಗುರುತು ಹೇಳದೆ ಹೋಗಿ, ತಾವೇ ಬಿಲ್ಲು ತೆತ್ತು ಬಂದು ಬರೆಯುವ ಪದ್ಧತಿ ಇಟ್ಟುಕೊಂಡಿದ್ದರು. ಅಷ್ಟೇ ವ್ಯತ್ಯಾಸ, ಅದೇ ದೊಡ್ಡ ವ್ಯತ್ಯಾಸ.

ಇದು ಬರೀ ರುಚಿಯ ಪ್ರಶ್ನೆಯೆಂದು ತಳ್ಳಿಹಾಕುವಂತಿಲ್ಲ. ಲೋವರ್ ಪರೇಲಿನಲ್ಲಿ ಒಂದು ಕಾಲಕ್ಕೆ ಗಿರಣಿಗಳ ಭೋಂಗಾ ಕೂಗುತ್ತಿತ್ತು. 1982ರ ಜನವರಿಯಲ್ಲಿ ಆರಂಭವಾದ ಮಹಾಮುಷ್ಕರದ ನಂತರ ಅವು ಒಂದೊಂದಾಗಿ ಮೌನವಾದವು. ಆ ಅಂಗಳಗಳಲ್ಲಿ ಆಮೇಲೆ ಮಾಲುಗಳೂ ಕಚೇರಿಗಳೂ ತಾರಸಿಯ ಮೇಲಿನ ಪಬ್ಬುಗಳೂ ಎದ್ದವು. 2017ರ ಡಿಸೆಂಬರ್ 29ರ ನಡುರಾತ್ರಿ ಕಮಲಾ ಮಿಲ್ಸ್ ಆವರಣದ ಅಂಥ ಪಬ್ಬುಗಳಲ್ಲಿ ಬೆಂಕಿ ಬಿದ್ದು 14 ಜನ ತೀರಿಕೊಂಡರು. ಹುಟ್ಟುಹಬ್ಬ ಆಚರಿಸಲು ಹೋದ ಹೆಣ್ಣುಮಗಳೊಬ್ಬಳೂ ಅವರಲ್ಲಿದ್ದಳು. ಈ ಊರಿನ ಸುದ್ದಿಪತ್ರಿಕೆಗಳು ಆ ದುರಂತವನ್ನು ವಿವರವಾಗಿ ವರದಿ ಮಾಡಿದವು. ಆದರೆ ಬಣ್ಣದ ಪುಟಗಳ ಬರವಣಿಗೆಯ ಜಾತಿಯೇ ಬೇರೆ. ಹೊಸ ಜಾಗದ ದೀಪಾಲಂಕಾರವನ್ನು ವರ್ಣಿಸುವ ಲೇಖನಿ, ‘ಬೆಂಕಿ ಬಿದ್ದರೆ ಓಡಲು ದಾರಿ ಎಲ್ಲಿದೆ?’ ಎಂದು ಕೇಳುವುದು ಅದರ ಸ್ವಭಾವದಲ್ಲಿಲ್ಲ. ನಮ್ಮ ಮಕ್ಕಳು ಶನಿವಾರ ರಾತ್ರಿ ಎಲ್ಲಿಗೆ ಹೋಗಬೇಕೆಂದು ಗೊತ್ತುಮಾಡಿಕೊಳ್ಳುವುದು ಇಂಥ ಪುಟಗಳಿಂದಲೇ ಎಂಬುದನ್ನು ಮರೆಯಬಾರದು.

ಇನ್ನು, ಈ ಪುಟಗಳಲ್ಲಿ ಕಾಣುವ ಊರು ಯಾವುದು? ಬಾಂದ್ರಾ, ಜುಹು, ಲೋವರ್ ಪರೇಲ್, ಕೊಲಾಬಾ. ಲೋಕಲ್ ಗಾಡಿಯಿಲ್ಲ, ನಳದ ನೀರಿನ ಚಿಂತೆಯಿಲ್ಲ, ಮಳೆಗಾಲವೆಂದರೆ ಛತ್ರಿಯ ಬಣ್ಣ ಮಾತ್ರ. ಮಳೆಗಾಲದಲ್ಲಿ ಊರಲ್ಲಿ ತಿರುಗಾಟವಿಲ್ಲದ ಯಕ್ಷಗಾನ ಕಲಾವಿದರು ಇಲ್ಲಿಗೆ ಬಂದು ಉಪನಗರಗಳ ಸಭಾಗೃಹಗಳಲ್ಲಿ ಆಟ ಆಡುತ್ತಾರೆ. ಮಾಟುಂಗದಲ್ಲಿ 1926ರಿಂದ ಮೈಸೂರು ಅಸೋಸಿಯೇಷನ್ನಿನ ಚಟುವಟಿಕೆ ನಡೆದುಬಂದಿದೆ. ಕನ್ನಡದ್ದಿರಲಿ, ಮರಾಠಿ, ಗುಜರಾತಿ, ತಮಿಳು ರಂಗಭೂಮಿಯದ್ದಿರಲಿ, ಇಂಥವುಗಳಿಗೆ ಆ ಪುಟಗಳಲ್ಲಿ ಜಾಗ ಸಿಕ್ಕಿದ್ದನ್ನು ನಾನು ಕಂಡದ್ದು ಕಡಿಮೆ. ದೂರು ಹೇಳಿ ಪ್ರಯೋಜನವಿಲ್ಲ. ಅವು ಹಣ ತೆತ್ತು ಬರುವ ಸಮಾರಂಭಗಳಲ್ಲ. ನನಗಿರುವ ಭಯ ಬೇರೆ. ದಿನವೂ ಆ ಊರನ್ನೇ ನೋಡುವ ಮೊಮ್ಮಗಳು ತನ್ನ ಮುಲುಂಡ್ ಮುಂಬಯಿಯೇ ಅಲ್ಲವೆಂದೂ, ಅಜ್ಜನ ಯಕ್ಷಗಾನ ಯಾವುದೋ ಮೂಲೆಯದೆಂದೂ ಯಾರೂ ಹೇಳಿಕೊಡದೆಯೇ ಕಲಿಯುತ್ತಾಳೆ.

ನಮ್ಮವರು ಆ ಪುಟಗಳಲ್ಲಿ ಬಂದರೂ ಹೇಗೆ ಬರುತ್ತಾರೆ ಎಂಬುದಕ್ಕೆ 2014ರ ಸೆಪ್ಟೆಂಬರಿನ ಒಂದು ಪ್ರಸಂಗ ಸಾಕು. ಕುಂದಾಪುರದ ಕಡೆಯ ಪಡುಕೋಣೆಯ ಹೆಸರು ಹೊತ್ತ ಬೆಂಗಳೂರಿನ ಹುಡುಗಿ, ನಮ್ಮ ಪ್ರಕಾಶ್ ಪಡುಕೋಣೆಯವರ ಮಗಳು ದೀಪಿಕಾ ಅವರ ಶರೀರವನ್ನು ಕುರಿತು ಟೈಮ್ಸ್ ಬಳಗದ ಮನರಂಜನಾ ವಿಭಾಗ ಟ್ವಿಟರಿನಲ್ಲಿ ಕೀಳು ಅಭಿರುಚಿಯ ಚಿತ್ರ-ಶೀರ್ಷಿಕೆ ಹಾಕಿತು. ಆಕೆ ಸುಮ್ಮನಿರದೆ ಖಾರವಾಗಿ ಉತ್ತರ ಕೊಟ್ಟರು. ಆಗ ‘ಬಾಂಬೆ ಟೈಮ್ಸ್’ ಕ್ಷಮೆ ಕೇಳಿತೇ? ಇಲ್ಲ. ಬಹಿರಂಗ ಪತ್ರವೊಂದನ್ನು ಅಚ್ಚುಮಾಡಿ, ಆಕೆಯದೇ ಬೂಟಾಟಿಕೆಯೆಂದು ವಾದಿಸಿತು. ಹೊಗಳಿಕೆಯೊಂದೇ ಗೊತ್ತಿರುವ ಪುಟಕ್ಕೆ ತನ್ನ ಮೇಲಿನ ಒಂದು ಟೀಕೆ ತಡೆಯಲಾಗಲಿಲ್ಲ. ಮಧುರ್ ಭಂಡಾರ್ಕರ್ ಅವರ ‘ಪೇಜ್ 3’ ಚಿತ್ರ 2005ರಲ್ಲಿ ಬಿಡುಗಡೆಯಾಗಿ ರಾಷ್ಟ್ರಪ್ರಶಸ್ತಿ ಪಡೆದಾಗ ಈ ಔತಣಲೋಕದ ಟೊಳ್ಳು ಎಲ್ಲರಿಗೂ ತಿಳಿಯಿತೆಂದುಕೊಂಡಿದ್ದೆವು. ಜನ ಸಿನಿಮಾ ನೋಡಿ ಬಂದರು. ಮರುದಿನ ಬೆಳಿಗ್ಗೆ ಅದೇ ಪುಟ ತೆರೆದರು.

ಇಷ್ಟು ಬರೆದು ಇಲ್ಲಿಗೇ ನಿಲ್ಲಿಸಿದರೆ ಸುಖವಾಗಿತ್ತು. ಆದರೆ ಓದುಗರೇ, ಈಗ ನಿಮ್ಮ ಕೈಯಲ್ಲಿರುವ ಈ ಮಾಸಿಕವೂ ಸದಸ್ಯರ ಮನೆಗೆ ಪುಕ್ಕಟೆಯೇ ಬರುತ್ತದೆ. ಇದಕ್ಕೂ ಹಣ ಕೊಡುವವರಿದ್ದಾರೆ. ಹೋಟೆಲು ಮಾಲಕರ, ಸಹಕಾರಿ ಬ್ಯಾಂಕುಗಳ ಜಾಹೀರಾತಿಲ್ಲದೆ ದೀಪಾವಳಿ ಸಂಚಿಕೆ ಹೊರಡುವುದಿಲ್ಲ. ಅವರು ಕನ್ನಡದ ಮೇಲಿನ ಪ್ರೀತಿಯಿಂದ ಕೊಡುತ್ತಾರೆ, ತಮ್ಮ ಬಗ್ಗೆ ಬರೆಯಿರೆಂದು ಕೇಳುವುದಿಲ್ಲ. ನಿಜ. ಆದರೂ ನಮ್ಮ ಪುಟಗಳಲ್ಲಿ ‘ಆದರೆ’ ಎಷ್ಟು ಸಲ ಕಾಣುತ್ತದೆ? ಪ್ರತಿ ಪುಸ್ತಕವೂ ಸಂಗ್ರಹಯೋಗ್ಯ, ಪ್ರತಿ ಭಾಷಣವೂ ವಿಚಾರಪ್ರಚೋದಕ, ಪ್ರತಿ ನಾಟಕವೂ ಪ್ರೇಕ್ಷಕರ ಮನಸೂರೆಗೊಳ್ಳುತ್ತದೆ.

ನನ್ನದೇ ಪಾಪ ಹೇಳುತ್ತೇನೆ. ಹಲವು ವರ್ಷಗಳ ಹಿಂದೆ ನಮ್ಮವರೇ ಆದ ತರುಣರೊಬ್ಬರು ಬರೆದು ಆಡಿಸಿದ ನಾಟಕದ ವಿಮರ್ಶೆ ನನ್ನ ಪಾಲಿಗೆ ಬಂತು. ಮೊದಲ ಅಂಕ ಚೆನ್ನಾಗಿತ್ತು. ಎರಡನೆಯದರಲ್ಲಿ ಕತೆ ದಾರಿ ತಪ್ಪಿತು. ಮೂರನೆಯದಕ್ಕೆ ಕಲ್ಯಾಣದ ಗಾಡಿ ಹಿಡಿಯುವ ನೆಪದಲ್ಲಿ ಅರ್ಧ ಸಭೆ ಎದ್ದುಹೋಯಿತು. ನಾನು ‘ಮನಸೂರೆಗೊಂಡಿತು’ ಎಂದೇ ಬರೆದೆ. ಆತನ ತಂದೆ ನನ್ನ ಸ್ನೇಹಿತರು. ತಾಲೀಮಿಗೆ ಹೋದಾಗಲೆಲ್ಲ ಅವರ ಮನೆಯ ಕಾಫಿ ಕುಡಿದವನು ನಾನು. ಆತ ಅದೇ ನಾಟಕವನ್ನು ತಿದ್ದದೆ ಇನ್ನೆರಡು ಕಡೆ ಆಡಿಸಿದ, ಜನ ಬರಲಿಲ್ಲ. ಆಮೇಲೆ ಬರೆಯುವುದನ್ನೇ ಬಿಟ್ಟ. ಒಮ್ಮೆ ಸ್ಟೇಷನ್ನಿನಲ್ಲಿ ಸಿಕ್ಕಾಗ, “ಸಾರ್, ಎರಡನೇ ಅಂಕ ಸರಿಯಿಲ್ಲ ಅಂತ ನೀವಾದ್ರೂ ಹೇಳಬಹುದಿತ್ತು” ಎಂದ. ನನಗೆ ಯಾರೂ ಹಣ ಕೊಟ್ಟಿರಲಿಲ್ಲ. ಒಂದು ಲೋಟ ಕಾಫಿಗೆ, ಒಂದು ಸ್ನೇಹಕ್ಕೆ ನನ್ನ ಮಾತು ಮಾರಾಟವಾಗಿತ್ತು. ‘ಮೀಡಿಯಾನೆಟ್’ಗೆ ದರಪಟ್ಟಿಯಾದರೂ ಇದೆ, ನಮ್ಮದು ಲೆಕ್ಕಕ್ಕೇ ಬಾರದ ವ್ಯವಹಾರ.

ಆದ್ದರಿಂದ ಸಂಪಾದಕರಲ್ಲಿ ನನ್ನ ವಿನಂತಿ ಎರಡು. ಪುಸ್ತಕವನ್ನು ಲೇಖಕರ ಬಂಧುವಿಗೆ, ನಾಟಕವನ್ನು ತಂಡದ ಸ್ನೇಹಿತರಿಗೆ ವಿಮರ್ಶೆಗೆ ಕೊಡಬೇಡಿ. ಕೊಡಲೇಬೇಕಾದರೆ ಆ ಸಂಬಂಧವನ್ನು ಲೇಖನದ ಅಡಿಯಲ್ಲೇ, ಓದಲು ಬರುವಷ್ಟು ದೊಡ್ಡ ಅಕ್ಷರದಲ್ಲಿ ಅಚ್ಚುಮಾಡಿ. ಕಾಸಿಗೆ ಬರೆಯುವ ದೊಡ್ಡ ಪತ್ರಿಕೆಗಳನ್ನು ತಿದ್ದುವುದು ನಮ್ಮಿಂದಾಗದ ಕೆಲಸ. ನಮ್ಮ ಈ ಪುಟ್ಟ ಪತ್ರಿಕೆಯನ್ನು ತಿದ್ದಿಕೊಳ್ಳಬಹುದು. ನಿಜ ಹೇಳುವ ಕನ್ನಡದ ಪುಟವೊಂದು ಮನೆಯಲ್ಲಿದ್ದರೆ, ಸುಳ್ಳು ಹೊಳಪಿನ ಪುಟ ಯಾವುದೆಂದು ಮಕ್ಕಳಿಗೆ ತಾನಾಗಿ ತಿಳಿಯುತ್ತದೆ.

ಈ ಲೇಖನದ ಕರಡನ್ನು ಮೊಮ್ಮಗಳಿಗೆ ಓದಿಹೇಳಿದೆ. ಕನ್ನಡ ಓದಲು ತಡವರಿಸುತ್ತಾಳೆ, ಕೇಳಿದರೆ ಎಲ್ಲ ತಿಳಿಯುತ್ತದೆ. “ಹಾಗಾದ್ರೆ ನಾಳೆಯಿಂದ ನಾನದನ್ನು ಓದೋದು ಬೇಡ್ವಾ, ಅಜ್ಜಾ?” ಎಂದು ಕೇಳಿದಳು.

“ಓದು ಮಗಾ. ಹಲ್ಲು ಎಣಿಸಿ ಓದು.”