ಪಟದ ಬೆನ್ನು

ದೇವರಗುಡ್ಡದ ಮಾಲತೇಶನ ಪಟಕ್ಕೆ ಭಕ್ತರು ಮುಂದಿನಿಂದ ಕೈಮುಗಿಯುತ್ತಾರೆ. ಹಳೆಯ ಕಟ್ಟಿನ ಹುಚ್ಚು ಹಿಡಿದವರು ಮಾತ್ರ ತಿರುಗಿಸಿ ಬೆನ್ನು ನೋಡುತ್ತಾರೆ. ವಯಸ್ಸಿನ ಗುಟ್ಟು ಇರುವುದು ಅಲ್ಲೇ: ಕಪ್ಪಾದ ತೆಳು ಹಲಗೆ, ತುಕ್ಕು ತಿಂದ ಸಣ್ಣ ಮೊಳೆ, ಮೂಲೆಯಲ್ಲಿ ಓರೆ ಕೊಯ್ದು ಕೂಡಿಸಿದ ಸಾಗುವಾನಿ. ಗಾಜನ್ನು ಬೆಳಕಿಗೆ ವಾಲಿಸಿದರೆ ಸಣ್ಣ ಅಲೆ, ಒಂದೆರಡು ಗುಳ್ಳೆ. ಇಂದಿನ ನುಣುಪು ಗಾಜಿಗೆ ಆ ಕಳೆಯಿಲ್ಲ ಬಿಡಿ. ಸಂದಿಯಲ್ಲಿ ಭಂಡಾರದ ಅರಿಸಿನ ಕೂತಿದ್ದರೆ ಉಜ್ಜಬೇಡಿ, ಪೂಜೆಗೊಂಡ ಪಟವೆನ್ನಲು ಅದೇ ಸಾಕ್ಷಿ.

ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಮುದ್ರಣಾಲಯ ತೆರೆದ ಮೇಲೆ ಅಚ್ಚಿನ ದೇವರು ಬಡವರ ಗೋಡೆಗೂ ಬಂದರು. ಆದರೆ ಚಿತ್ರ ಹಳೆಯದಾದರೆ ಕಟ್ಟೂ ಹಳೆಯದೆಂದೇನಿಲ್ಲ. ಎರಡನ್ನೂ ಬೇರೆಬೇರೆ ಪರೀಕ್ಷಿಸಬೇಕು. ಗಟ್ಟಿಯಿರುವ ಸಾಗುವಾನಿ ಕಟ್ಟನ್ನು ಗುಜರಿಗೆ ಹಾಕಿ ಪ್ಲಾಸ್ಟಿಕ್ಕಿನದು ಮಾತ್ರ ಹಾಕಿಸಬೇಡಿ.