ಹುಣಸೆಹಣ್ಣಲ್ಲಿ ಉಜ್ಜಿದ ಕಾಸು

ನಾಣ್ಯ ಸಂಗ್ರಹದ ವಾಟ್ಸಾಪ್ ಗುಂಪುಗಳಲ್ಲಿ ಹೊಸಬರು ಹಾಕುವ ಮೊದಲ ಫೋಟೋವೇ ಎಷ್ಟೋ ಸಲ ಕೊನೆಯದೂ ಆಗಿಬಿಡುತ್ತದೆ. ನಗುವ ಮುಖಗಳು ನಾಲ್ಕಾರು ಬೀಳುತ್ತವೆ, ಹಿರಿಯರೊಬ್ಬರು ‘ಹಾಳು ಮಾಡಿಬಿಟ್ಟೆಯಲ್ಲಪ್ಪಾ’ ಅನ್ನುತ್ತಾರೆ, ಬೆಳಗಾಗುವಷ್ಟರಲ್ಲಿ ಆತ ಗುಂಪು ಬಿಟ್ಟಿರುತ್ತಾನೆ. ಹಾಗೆ ಹೋದವನ ಜೊತೆ ಅವನ ಮನೆಯ ಗಂಟೂ ಹೋಯಿತು, ಆ ಗಂಟಿನ ಕಥೆಯೂ ಹೋಯಿತು, ಪಕ್ಕದ ಮನೆಯವರು ನಾಳೆ ಅವನಿಗೆ ತೋರಿಸಬಹುದಾಗಿದ್ದ ಇನ್ನೆರಡು ಕಾಸೂ ಹೋದವು.

ಇತ್ತೀಚೆಗೆ ಶ್ರೀನಿವಾಸಪುರ ತಾಲ್ಲೂಕಿನ ಯಲ್ದೂರು ಕಡೆಯ ಒಬ್ಬ ಕಾಲೇಜು ಹುಡುಗ ಹಾಗೆ ಹೋಗುವುದರಲ್ಲಿದ್ದ. ಅವನು ಹಾಕಿದ್ದು ತಾಮ್ರದ ಪೈಸೆ. ಒಂದು ಕಡೆ ಆನೆ, ಇನ್ನೊಂದು ಕಡೆ ಪರ್ಷಿಯನ್ ಅಕ್ಷರ. ಹಬ್ಬಕ್ಕೆ ಬೆಳಗಿಟ್ಟ ಚೊಂಬಿನಂತೆ ಫಳಫಳ ಹೊಳೆಯುತ್ತಿತ್ತು. ಆನೆಯ ಬೆನ್ನಿನ ಏಣು ಸವೆದಿತ್ತು, ಸೊಂಡಿಲ ತುದಿ ಮಾಸಿತ್ತು, ಅಂಚಿನ ಸಂದಿಯಲ್ಲಿ ಮಾತ್ರ ಹಳೆಯ ಕಂದುಬಣ್ಣ ಒಂದಿಷ್ಟು ಉಳಿದಿತ್ತು. ಕೆಳಗೆ ಬರೆದಿದ್ದ: ‘ಹುಣಸೆಹಣ್ಣು ಉಪ್ಪು ಹಾಕಿ ಉಜ್ಜಿದೆ ಸಾರ್. ಫೋನಲ್ಲಿ ಅಂಕಿ ನೋಡಿಕೊಂಡು ಓದಿದರೆ 5121 ಅಂತ ಬರ್ತಿದೆ. ಡೂಪ್ಲಿಕೇಟಾ?’

ನಕ್ಕರು. ಉಜ್ಜಿದ್ದಕ್ಕೆ ನಕ್ಕರು, 5121ಕ್ಕೆ ಇನ್ನೂ ಜೋರಾಗಿ ನಕ್ಕರು. ಆದರೆ ಆ ಹುಡುಗ ಅಂಕಿಗಳನ್ನು ಸರಿಯಾಗಿಯೇ ಓದಿದ್ದ! ಟಿಪ್ಪು ಸುಲ್ತಾನ್ 1787ರ ಸುಮಾರಿಗೆ ಹಿಜರಿ ಬಿಟ್ಟು ಮೌಲೂದಿ ಎಂಬ ಹೊಸ ಶಕೆ ತಂದ. ಅದರ ಇಸವಿಯನ್ನು ನಾಣ್ಯದ ಮೇಲೆ ಬಲದಿಂದ ಎಡಕ್ಕೆ ಬರೆಸಿದ. ಪರ್ಷಿಯನ್ ಅಕ್ಷರ ಬಲದಿಂದ ಎಡಕ್ಕೆ ಸಾಗಿದರೂ ಅಂಕಿಗಳನ್ನು ನಮ್ಮ ಹಾಗೆ ಎಡದಿಂದಲೇ ಬರೆಯುವುದು ಎಲ್ಲೆಡೆಯ ರೂಢಿ. ಟಿಪ್ಪು ಆ ರೂಢಿ ಮುರಿದ. ಹಾಗಾಗಿ 1215 ಎಂಬುದು ನೋಡುವವರ ಕಣ್ಣಿಗೆ 5121 ಆಗಿ ಕಾಣುತ್ತದೆ. ಇದನ್ನು ಯಾರಾದರೂ ಹೇಳಿಕೊಡದೆ ತಾನಾಗಿ ತಿಳಿದುಕೊಂಡವರು ನಮ್ಮಲ್ಲಿ ಯಾರಿದ್ದಾರೆ? ಮದ್ರಾಸ್ ಮ್ಯೂಸಿಯಂನ ಜೆ. ಆರ್. ಹೆಂಡರ್ಸನ್ 1921ರಲ್ಲಿ ಹೈದರ್ ಮತ್ತು ಟಿಪ್ಪು ನಾಣ್ಯಗಳ ಮೇಲೆ ಒಂದು ಪುಸ್ತಕವನ್ನೇ ಬರೆದರು. ಅಂಥವರು ಬಿಡಿಸಿಟ್ಟ ಗಂಟನ್ನು ನಾವು ಓದಿ ಕಲಿತೆವು. ಹುಡುಗ ಯಾರ ನೆರವೂ ಇಲ್ಲದೆ ಅರ್ಧ ದಾರಿ ಬಂದು ನಿಂತಿದ್ದ. ಬೆನ್ನು ತಟ್ಟಬೇಕಾದ ಜಾಗದಲ್ಲಿ ನಕ್ಕರೆಂಬುದು ನನಗೆ ಇನ್ನೂ ಬೇಜಾರು.

ಕೊನೆಗೆ ಒಬ್ಬರು ಕೇಳಬೇಕಾದ್ದನ್ನು ಕೇಳಿದರು: ‘ಎಲ್ಲಿ ಸಿಕ್ಕಿತಪ್ಪಾ ಇದು?’ ಉತ್ತರ ಬಂತು: ‘ನಮ್ ಅವ್ವನ ಎಲೆಅಡಿಕೆ ಸಂಚೀಲಿತ್ತಣ್ಣಾ. ಅವರ ತವರು ಪುಂಗನೂರು ಕಡೆ. ಇನ್ನೂ ಎರಡಿವೆ, ಅವನ್ನು ಉಜ್ಜಿಲ್ಲ.’

ಆ ಒಂದು ಸಾಲಿನ ಬೆಲೆ ನೋಡಿ. ಎರಡು ಕಾಸು ಉಜ್ಜಿಸಿಕೊಳ್ಳದೆ ಉಳಿದವು. ಮೂರೂ ಯಾವ ಮನೆಯಲ್ಲಿ, ಯಾರ ಸಂಚಿಯಲ್ಲಿ, ಯಾವ ಸೀಮೆಯಿಂದ ಬಂದವೆಂಬುದು ದಾಖಲಾಯಿತು. ಅಂಗಡಿಯಲ್ಲಿ ಕೊಂಡ ನಾಣ್ಯಕ್ಕೆ ಇದು ಯಾವುದೂ ಇರುವುದಿಲ್ಲ. ನಮ್ಮ ಆಲ್ಬಮ್ಮುಗಳಲ್ಲಿರುವ ಕಾಸುಗಳಲ್ಲಿ ಬಹುಪಾಲು ಹುಟ್ಟೂರು ತಿಳಿಯದ ಅನಾಥ ಕಾಸುಗಳೇ. ಊರು, ಮನೆ, ಕೈ ಗೊತ್ತಿರುವ ಕಾಸು ಬರುವುದು ಹೊಸಬರಿಂದಲೇ, ಅದೂ ಅವರ ಮೊದಲ ಫೋಟೋದಲ್ಲಿ. ಹೊಸಬರನ್ನು ಸಹಿಸಿಕೊಳ್ಳಿ ಎಂದು ನಾನು ಕರುಣೆಯ ಮಾತಾಡುತ್ತಿಲ್ಲ. ನಮಗೆ ಗೊತ್ತಿಲ್ಲದ್ದು ಅವರ ಬಾಯಲ್ಲಿದೆ, ಅದನ್ನು ಕೇಳಿಸಿಕೊಳ್ಳಬೇಕು ಅನ್ನುತ್ತಿದ್ದೇನೆ.

ಕೋಲಾರ ಜಿಲ್ಲೆಗೆ ಇದು ಇನ್ನೂ ಹೆಚ್ಚು ಸಲ್ಲುತ್ತದೆ. ಕುವಲಾಲಪುರವಾಗಿ ಗಂಗರ ಮೊದಲ ರಾಜಧಾನಿಯಾಗಿದ್ದ ಊರು ಕೋಲಾರ. ಹೈದರ್ ಅಲಿ ಹುಟ್ಟಿದ್ದು ಬೂದಿಕೋಟೆಯಲ್ಲಿ, ಅವನ ತಂದೆಯ ಗೋರಿ ಇರುವುದು ಕೋಲಾರದಲ್ಲಿ. ತಮಿಳು, ತೆಲುಗು ಸೀಮೆಗಳ ಕಾಸೆಲ್ಲ ಈ ದಾರಿಯಲ್ಲೇ ಓಡಾಡಿದೆ. ಇಲ್ಲಿನ ಎಷ್ಟೋ ಮನೆಗಳಲ್ಲಿ ಆಡುವುದು ತೆಲುಗು, ಓದುವುದು ಕನ್ನಡ. ಅಂಥ ಮನೆಯ ಹುಡುಗ ಎರಡೂ ಬೆರೆಸಿ ಬರೆದರೆ ಅವನ ಕಾಗುಣಿತ ತಿದ್ದಲು ಹೊರಡುವವರೂ ಇದ್ದಾರೆ. ಅದು ನಾಣ್ಯದ ಗುಂಪಿನ ಕೆಲಸ ಅಲ್ಲವೇ ಅಲ್ಲ.

ದೊಡ್ಡವರ ತಪ್ಪುಗಳನ್ನು ಗೌರವದಿಂದ ‘ಅಭಿಪ್ರಾಯಭೇದ’ ಅನ್ನುತ್ತೇವೆ. ಆನೆ ಇರುವ ಚಿನ್ನದ ಗಜಪತಿ ಪಗೋಡವನ್ನು ಬಹುಕಾಲ ತಲಕಾಡಿನ ಗಂಗರದೆಂದೇ ಬರೆದುಕೊಂಡು ಬಂದರು, ಈಗ ಎಲ್ಲರೂ ಅದನ್ನು ಒಪ್ಪುವುದಿಲ್ಲ. ಕಾಶ್ಮೀರದ ಹರ್ಷ ಕರ್ಣಾಟದ ಮಾದರಿಯ ಟಂಕ ಹೊರಡಿಸಿದನೆಂದು ಕಲ್ಹಣ ‘ರಾಜತರಂಗಿಣಿ’ಯಲ್ಲಿ ಬರೆದಿರುವುದರಿಂದ ಚರ್ಚೆ ಇನ್ನಷ್ಟು ಸಿಕ್ಕಾಗಿದೆ. ವಿದ್ವಾಂಸರು ಶತಮಾನಕಾಲ ತಡವರಿಸಬಹುದಾದರೆ ಯಲ್ದೂರಿನ ಹುಡುಗನಿಗೆ ಒಂದು ವಾರದ ಅವಕಾಶವಾದರೂ ಬೇಡವೇ? ಕ್ಯಾಪ್ಟನ್ ಟಫ್ನೆಲ್ 1880ರ ದಶಕದಲ್ಲಿ ದಕ್ಷಿಣ ಭಾರತದ ನಾಣ್ಯ ಸಂಗ್ರಾಹಕರಿಗೆ ಸೂಚನೆಗಳೆಂದೇ ಹೆಸರಿಟ್ಟು ಪುಸ್ತಕ ಬರೆದರು. ಗೊತ್ತಿದ್ದವರು ಗೊತ್ತಿಲ್ಲದವರಿಗೆ ಹೇಳಿಕೊಡುವ ಪದ್ಧತಿ ಈ ಹವ್ಯಾಸಕ್ಕೆ ಅಷ್ಟು ಹಳೆಯದು.

ಉಜ್ಜಿದ ಕಾಸಿಗೆ ಏನು ಮಾಡಬೇಕು? ಬೈಗುಳಕ್ಕಿಂತ ಮೊದಲು ಬರಬೇಕಾದ ಉತ್ತರ ಇದು. ಹುಣಸೆಯ ಹುಳಿಗಿಂತ ಉಪ್ಪು ಅಪಾಯ. ಉಪ್ಪಿನ ಕ್ಲೋರೈಡ್ ತಾಮ್ರದಲ್ಲಿ ಕೂತರೆ ಮುಂದೆ ತಿಳಿಹಸಿರು ಪುಡಿಯಾಗಿ ಏಳುತ್ತದೆ, ಒಳಗೊಳಗೇ ತಿನ್ನುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತಂದು, ನೀರು ಬದಲಾಯಿಸುತ್ತ ಕೆಲವು ದಿನ ನೆನೆಸಿಡಬೇಕು. ಮೆತ್ತನೆ ಬಟ್ಟೆಯಿಂದ ಒತ್ತಿ ಒರೆಸಿ, ಪೂರ್ತಿ ಒಣಗಿಸಿ, ಕಾಗದದ ಕವರಿನಲ್ಲಿಡಬೇಕು. ಎಣ್ಣೆ ಬೇಡ, ಪೀತಾಂಬರಿ ಬೇಡ, ಮತ್ತೆ ಕೈ ಹಚ್ಚುವುದೇ ಬೇಡ. ಕಂದುಬಣ್ಣ ವರುಷಗಳ ಮೇಲೆ ನಿಧಾನಕ್ಕೆ ಮರಳುತ್ತದೆ. ಕಾಸಿನ ಸರದಿಂದ ಬಂದ ವಿಕ್ಟೋರಿಯಾ ರೂಪಾಯಿಯ ಕೊಂಡಿ ಕತ್ತರಿಸುವುದು, ಹಳೆ ನೋಟಿಗೆ ಲ್ಯಾಮಿನೇಷನ್ ಮಾಡಿಸುವುದು, ಪಿವಿಸಿ ಕವರಿನಲ್ಲಿ ತಾಮ್ರ ಇಟ್ಟು ಹಸಿರು ಹಿಡಿಸುವುದು ಇವೂ ಇದೇ ಜಾತಿಯ ತಪ್ಪುಗಳು. ಎಲ್ಲವೂ ವಸ್ತುವಿನ ಮೇಲಿನ ಪ್ರೀತಿಯಿಂದಲೇ ಆಗುವಂಥವು.

‘ವೈಷ್ಣೋದೇವಿ ಕಾಯಿನ್‌ಗೆ ಲಕ್ಷಗಟ್ಟಲೆ ಬರುತ್ತಂತೆ, ಯಾರು ತಗೋತೀರ?’ ಎನ್ನುವವರ ಬಗ್ಗೆಯೂ ನನಗೆ ಸಿಟ್ಟಿಲ್ಲ. 2012ರ ಆ ನಾಣ್ಯ ಚಲಾವಣೆಗೆಂದೇ ಬಂದದ್ದು, ಲಕ್ಷದ ಮಾತು ವಿಡಿಯೋಗಳು ಹುಟ್ಟಿಸಿದ ಸುಳ್ಳು. ಹಳೆ ನೋಟು, ನಾಣ್ಯ ಕೊಳ್ಳುತ್ತೇವೆಂದು ತನ್ನ ಹೆಸರು ಬಳಸಿ ಕಮಿಷನ್, ತೆರಿಗೆ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರಲ್ಲಿ ಎಚ್ಚರಿಕೆಯನ್ನೇ ಕೊಟ್ಟಿದೆ. ಆ ವಿಷಯ ಗುಂಪಿನಲ್ಲಿ ಒಂದು ಸಾಲಿನಲ್ಲಿ ಹೇಳಿದರೆ ಒಂದು ಮನೆಯ ದುಡ್ಡು ಉಳಿಯುತ್ತದೆ.

ಕಟ್ಟುನಿಟ್ಟು ಬೇಡವೆಂದಲ್ಲ. ಒಂದು ಕಡೆ ರಾಮ ಪಟ್ಟಾಭಿಷೇಕ, ಇನ್ನೊಂದು ಕಡೆ ‘ಈಸ್ಟ್ ಇಂಡಿಯಾ ಕಂಪನಿ 1818’ ಎಂದಿರುವ ಬಿಲ್ಲೆಗಳನ್ನು ಕಂಪನಿ ಟಂಕಿಸಲೇ ಇಲ್ಲ. ಜಾತ್ರೆಯಲ್ಲಿ ಅದನ್ನು ಕೊಂಡವನು ಮೋಸಹೋದವನು. ತಿಳಿದೂ ತಿಳಿದೂ ಮಾರುವವನಿಗೆ, ‘ರೈಸ್ ಪುಲ್ಲಿಂಗ್’ ಎಂದು ಅಕ್ಕಿ ಎಳೆಯುವ ತಾಮ್ರದ ಕಥೆ ಕಟ್ಟುವವನಿಗೆ ಎರಡನೇ ಅವಕಾಶ ಕೊಡಬಾರದು. ಎಷ್ಟೋ ಕುಟುಂಬಗಳು ಆ ಕಥೆಗೆ ಹೊಲ ಅಡವಿಟ್ಟಿವೆ.

ನೆಲ ಅಗೆಯುವಾಗ ಸಿಕ್ಕಿದ್ದನ್ನು ಹಾಕುವವರ ವಿಷಯದಲ್ಲಿ ಮೆಲುವಾಗಿಯೂ ಇರಬೇಕು, ಗಟ್ಟಿಯಾಗಿಯೂ ಇರಬೇಕು. ನೆಲದಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸುವುದು ಕಾನೂನು. ನಮ್ಮ ರಾಜ್ಯಕ್ಕೆ 1962ರ ಕಾಯ್ದೆಯೇ ಇದೆ. ಪಾಯ ತೋಡುವಾಗ ಗಡಿಗೆ ಸಿಕ್ಕವನಿಗೆ ಇದು ಗೊತ್ತಿರುವುದಿಲ್ಲ. ಫೋಟೋ ಉಳಿಸಿಕೊಂಡು ‘ಪೊಲೀಸರಿಗೆ ಕಳಿಸ್ತೀನಿ’ ಎಂದು ಹೆದರಿಸಿದರೆ ಆ ಗಡಿಗೆ ರಾತ್ರೋರಾತ್ರಿ ಅಕ್ಕಸಾಲಿಗನ ಮೂಸೆ ಸೇರುತ್ತದೆ. ಫೋನ್ ಮಾಡಿ, ತಹಶೀಲ್ದಾರ್ ಕಚೇರಿಗೆ ಜೊತೆಯಲ್ಲಿ ಹೋಗುತ್ತೇನೆ ಎಂದರೆ ಉಳಿಯುವ ಸಾಧ್ಯತೆ ಇದೆ. ಹಿರಿತನ ಇರುವುದು ಇಂಥದ್ದಕ್ಕೇ.

ಇನ್ನೊಂದು ಮಾತು ಹಿರಿಯರಿಗೇ. ಗುಂಪಿನಲ್ಲಿ ‘ಇದಕ್ಕೇನೂ ಬೆಲೆಯಿಲ್ಲ’ ಎಂದು ಬರೆದು, ಹಿಂದಿನಿಂದ ಹೊಸಬನಿಗೆ ಪ್ರತ್ಯೇಕ ಸಂದೇಶ ಕಳಿಸಿ ‘ಐನೂರು ಕೊಡ್ತೀನಿ, ಪೋಸ್ಟ್ ಮಾಡು’ ಎನ್ನುವವರಿದ್ದಾರೆ. ಹುಣಸೆಹಣ್ಣಿನಲ್ಲಿ ಉಜ್ಜಿದ್ದು ಇದರ ಮುಂದೆ ತಪ್ಪೇ ಅಲ್ಲ. ಗುಂಪು ನಡೆಸುವವರು ಇವತ್ತೇ ಒಂದು ನಿಯಮ ಮಾಡಲಿ: ಹೊಸಬರ ಮೊದಲ ಫೋಟೋಕ್ಕೆ ಯಾರೂ ದರ ಹೇಳಬಾರದು, ಒಳಗಿಂದೊಳಗೆ ವ್ಯಾಪಾರ ಕುದುರಿಸಬಾರದು, ಮೊದಲ ಪ್ರಶ್ನೆ ‘ಎಲ್ಲಿ ಸಿಕ್ಕಿತು, ಯಾರ ಹತ್ತಿರ ಇತ್ತು’ ಎಂದೇ ಇರಬೇಕು. ಈ ನಿಯಮ ಮುರಿದವರು ಇಪ್ಪತ್ತು ವರ್ಷದ ಸಂಗ್ರಾಹಕರಾದರೂ ಗುಂಪಿನಿಂದ ಹೊರಗೆ ಹೋಗಬೇಕಾದವರು ಅವರೇ.